ನೂರೆಪ್ಪತ್ತು ಜನರ ಊರಿಗೆ ಒಬ್ಬ ಗ್ರಾಮಾಧ್ಯಕ್ಷ, ಆರು ಸದಸ್ಯರು: ಆವೊಗಾಶಿಮಾಗೆ ಮನೆ ಬದಲಿಸಬಹುದೇ?

ಪ್ರಶ್ನೆ: ನಮಸ್ಕಾರ ಸರ್. ನಾನು ಏಳು ವರ್ಷಗಳಿಂದ ಟೋಕಿಯೊದ ಎದೊಗಾವಾದಲ್ಲಿದ್ದೇನೆ, ಸಾಫ್ಟ್‌ವೇರ್ ಕೆಲಸ. ಊರು ತೀರ್ಥಹಳ್ಳಿ ಕಡೆ. ಈಗ ನನಗೂ ಹೆಂಡತಿಗೂ ಮನೆಯಿಂದಲೇ ಕೆಲಸ. ಮಗಳಿಗೆ ನಾಲ್ಕು ವರ್ಷ. ಆವೊಗಾಶಿಮಾ ಎಂಬ ದ್ವೀಪದ ವಿಡಿಯೊ ನೋಡಿದ ದಿನದಿಂದ ಅಲ್ಲಿಗೆ ಹೋಗಿ ನೆಲೆಸುವ ಯೋಚನೆ ತಲೆಯಿಂದ ಇಳಿಯುತ್ತಿಲ್ಲ. ಜ್ವಾಲಾಮುಖಿಯ ಬಾಯಿಯೊಳಗೆ ಊರಿದೆ, ಹೋಗುವವರಿಗೆ ಸರ್ಕಾರ ಮನೆ ಮತ್ತು ಹಣ ಕೊಡುತ್ತದೆ ಎಂದು ಅದರಲ್ಲಿ ಹೇಳಿದ್ದರು. ಕಚೇರಿಯ ಗೆಳೆಯರು ಬೇರೆ ಮಾತು ಹೇಳುತ್ತಾರೆ: ಜ್ವಾಲಾಮುಖಿ ಇವತ್ತೋ ನಾಳೆಯೋ ಸಿಡಿಯುತ್ತದೆ, ಅಷ್ಟು ಚಿಕ್ಕ ಗ್ರಾಮವನ್ನು ಇನ್ನು ಕೆಲವೇ ವರ್ಷಗಳಲ್ಲಿ ಪಕ್ಕದ ದ್ವೀಪಕ್ಕೆ ಸೇರಿಸಿಬಿಡುತ್ತಾರೆ, ಅಲ್ಲಿ ಮನೆಗಳಿಗೆ ನಂಬರೂ ಇಲ್ಲವಂತೆ. ಯಾವುದನ್ನು ನಂಬಲಿ? ನಮ್ಮ ತಂದೆಯವರು ಗ್ರಾಮ ಪಂಚಾಯಿತಿ ಕಾರ್ಯದರ್ಶಿಯಾಗಿ ನಿವೃತ್ತರಾದವರು. ಅವರದೂ ಒಂದು ಪ್ರಶ್ನೆಯಿದೆ: ನೂರಾರು ಜನರಿಗೆ ಒಂದು ಇಡೀ ಪಂಚಾಯಿತಿ ಹೇಗೆ ನಡೆಯುತ್ತದೆ, ದುಡ್ಡು ಎಲ್ಲಿಂದ ಬರುತ್ತದೆ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯಗಳಿವೆ. ಒಂದು ಬೆಟ್ಟ ಸಿಡಿದರೇನು ಎಂಬುದು, ಇನ್ನೊಂದು ಊರನ್ನೇ ಮುಚ್ಚಿದರೇನು ಎಂಬುದು. ಜಪಾನಿನ ಸ್ಥಳೀಯ ಆಡಳಿತವನ್ನು ಓದುವುದು, ಪಾಠ ಮಾಡುವುದು ನನ್ನ ಕಸುಬಾದ್ದರಿಂದ ನನಗೆ ಎರಡನೆಯದೇ ದೊಡ್ಡದಾಗಿ ಕಾಣುತ್ತದೆ. ಅದಕ್ಕೆ ಉತ್ತರ ಹುಡುಕಲು ನಿಮ್ಮ ತಂದೆಯವರ ಪ್ರಶ್ನೆಯಿಂದ ಹೊರಡುವುದೇ ಸರಿ. ಅದಕ್ಕೆ ಮೊದಲು ವಿಡಿಯೊದ ಮಾತುಗಳನ್ನು ಬೇಗ ಮುಗಿಸಿಬಿಡುತ್ತೇನೆ.

ಊರು ಜ್ವಾಲಾಮುಖಿಯ ಬಾಯಿಯೊಳಗಿಲ್ಲ. ಇಡೀ ದ್ವೀಪವೇ ಸುಮಾರು 6 ಚದರ ಕಿಲೋಮೀಟರಿನ ಒಂದು ಜ್ವಾಲಾಮುಖಿ. ಬಟ್ಟಲಿನಂಥ ದೊಡ್ಡ ಕುಳಿ, ಅದರ ನಡುವೆ ಮರುಯಾಮಾ ಎಂಬ ಪುಟ್ಟ ಗುಡ್ಡ. ವಿಮಾನದಿಂದ ತೆಗೆದ ಪ್ರಸಿದ್ಧ ಚಿತ್ರದಲ್ಲಿ ಕಾಣುವುದು ಇದೇ. ಆದರೆ ಮನೆ, ಶಾಲೆ, ಕಚೇರಿ ಎಲ್ಲ ಇರುವುದು ಕುಳಿಯ ಆಚೆ, ಉತ್ತರದ ಏರಿನ ಮೇಲಿನ ಒಕಾಬೆ ಎಂಬಲ್ಲಿ. ಇಕೆನೊಸಾವಾ ಎಂದು ಕರೆಯುವ ಕುಳಿಯೊಳಗೆ ಹೊಲಗಳಿವೆ, ಬಿಸಿ ಹಬೆ ಏಳುವ ಬಿರುಕುಗಳಿವೆ. ಆ ಬಿರುಕುಗಳಿಗೆ ದ್ವೀಪದವರ ಮಾತಿನಲ್ಲಿ 'ಹಿಂಗ್ಯಾ' ಎನ್ನುತ್ತಾರೆ. ಅದರ ಶಾಖದಲ್ಲೇ ಸಮುದ್ರದ ನೀರು ಕಾಯಿಸಿ ಉಪ್ಪು ತೆಗೆಯುತ್ತಾರೆ, ಮೊಟ್ಟೆ, ಗೆಣಸು ಬೇಯಿಸಿಕೊಳ್ಳುತ್ತಾರೆ.

ಮನೆಗೆ ನಂಬರಿಲ್ಲ ಎಂಬುದು ಮಾತ್ರ ನಿಜ. ಗ್ರಾಮದ ಎಲ್ಲರ ವಿಳಾಸವೂ 'ಆವೊಗಾಶಿಮಾ ಗ್ರಾಮ, ನಂಬರಿಲ್ಲ' ಎಂದೇ. ಆನ್‌ಲೈನ್ ಅರ್ಜಿಗಳಲ್ಲಿ ಮನೆ ಸಂಖ್ಯೆ ತುಂಬದೆ ಮುಂದಿನ ಪುಟಕ್ಕೆ ಬಿಡದ ಕಡೆ ನಿಮಗೆ ತಲೆಬಿಸಿಯಾಗಬಹುದು. ಅದಕ್ಕಿಂತ ಹೆಚ್ಚಿನ ತೊಂದರೆ ಅದರಿಂದಿಲ್ಲ.

ಈಗ ತಂದೆಯವರ ಪ್ರಶ್ನೆ. ಜಪಾನಿನ 'ಮುರಾ' ಎಂಬ ಪದಕ್ಕೆ ನಾವು ಗ್ರಾಮ ಎನ್ನುತ್ತೇವಾದರೂ ಅದನ್ನು ನಮ್ಮ ಗ್ರಾಮ ಪಂಚಾಯಿತಿಯ ಅಳತೆಯಲ್ಲಿ ನೋಡಿದರೆ ದಾರಿ ತಪ್ಪುತ್ತದೆ. ನಮ್ಮಲ್ಲಿ ಸುಮಾರು 400 ಜನರಿಗೆ ಒಬ್ಬ ಸದಸ್ಯನಂತೆ ಪಂಚಾಯಿತಿ ರಚಿಸುತ್ತಾರೆ. ಆ ಲೆಕ್ಕದಲ್ಲಿ ಆವೊಗಾಶಿಮಾಗೆ ಅರ್ಧ ಸದಸ್ಯನೂ ಸಿಗುವುದಿಲ್ಲ, ಏಕೆಂದರೆ 2020ರ ಜನಗಣತಿಯಲ್ಲಿ ಅಲ್ಲಿದ್ದವರು 169 ಮಂದಿ. ಇಡೀ ಜಪಾನಿನಲ್ಲಿ ಅತಿ ಕಡಿಮೆ ಜನಸಂಖ್ಯೆಯ ಸ್ಥಳೀಯ ಸಂಸ್ಥೆ ಇದೇ. ಆದರೂ ಕಾನೂನಿನ ಕಣ್ಣಿನಲ್ಲಿ ಲಕ್ಷಗಟ್ಟಲೆ ಜನರಿರುವ ನಗರಕ್ಕೂ ಇದಕ್ಕೂ ಮೂಲದಲ್ಲಿ ವ್ಯತ್ಯಾಸವಿಲ್ಲ. ಜನರೇ ನೇರವಾಗಿ ಆರಿಸಿದ ಗ್ರಾಮಾಧ್ಯಕ್ಷ, ಆರು ಸದಸ್ಯರ ಸಭೆ, ಸ್ವಂತ ಬಜೆಟ್. ಕುಟುಂಬ ನೋಂದಣಿ, ಕುಡಿಯುವ ನೀರು, ಕಸ, ಶಿಶುವಿಹಾರ, ಚಿಕಿತ್ಸಾಲಯ ಎಲ್ಲ ಗ್ರಾಮದ ಹೊಣೆ. ದ್ವೀಪದಲ್ಲಿ ಹೊಳೆಯಿಲ್ಲ. ಗುಡ್ಡದ ಒಂದು ಇಳಿಜಾರಿಗೆ ಕಾಂಕ್ರೀಟ್ ಹೊದಿಸಿ, ಅದರ ಮೇಲೆ ಬಿದ್ದ ಮಳೆನೀರನ್ನು ಸಂಗ್ರಹಿಸಿ ನಲ್ಲಿಗೆ ಬಿಡುತ್ತಾರೆ. ಇದನ್ನು ನೋಡಿಕೊಳ್ಳುವುದೂ 170 ಜನರ ಊರಿನ ಆ ಪುಟ್ಟ ಕಚೇರಿಯೇ.

ಅದರ ಮೇಲೆ ಇನ್ನೊಂದು ಹಂತವಿದೆ. ಆವೊಗಾಶಿಮಾ ಟೋಕಿಯೊ ನಗರದಿಂದ ದಕ್ಷಿಣಕ್ಕೆ ಸುಮಾರು 360 ಕಿಲೋಮೀಟರ್ ದೂರದಲ್ಲಿದ್ದರೂ ಟೋಕಿಯೊ ಮಹಾಪ್ರಾಂತಕ್ಕೇ ಸೇರಿದೆ. ಅಲ್ಲಿನ ಕಾರುಗಳ ಫಲಕದಲ್ಲಿ ಟೋಕಿಯೊ ನಗರದೊಳಗಿನ ಶಿನಗಾವಾದ ಹೆಸರಿರುತ್ತದೆ, ಕನಿಷ್ಠ ಕೂಲಿಯೂ ನೀವು ಈಗಿರುವ ಎದೊಗಾವಾದ್ದೇ. ಬಂದರು, ಮುಖ್ಯ ರಸ್ತೆಯಂಥ ದೊಡ್ಡ ಕಾಮಗಾರಿಗಳನ್ನು ಟೋಕಿಯೊ ಪಕ್ಕದ ಹಚಿಜೋ ದ್ವೀಪದಲ್ಲಿರುವ ತನ್ನ ಶಾಖಾ ಕಚೇರಿಯ ಮೂಲಕ ನೋಡಿಕೊಳ್ಳುತ್ತದೆ. ಶಿಕ್ಷಕರು ಟೋಕಿಯೊದ ಶಿಕ್ಷಣ ಮಂಡಳಿಯಿಂದ ವರ್ಗವಾಗಿ ಬರುತ್ತಾರೆ, ಪೊಲೀಸ್ ಹಚಿಜೋ ಠಾಣೆಯಿಂದ. ವೈದ್ಯರಿಲ್ಲದ ಊರುಗಳಿಗೆಂದೇ ವೈದ್ಯರನ್ನು ತಯಾರು ಮಾಡಲು 1972ರಲ್ಲಿ ಶುರುವಾದ ಜಿಚಿ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ಓದಿದ ತರುಣರು ಇಂಥ ದ್ವೀಪಗಳಲ್ಲಿ ಸರದಿಯಂತೆ ಸೇವೆ ಮಾಡುತ್ತಾರೆ.

ದುಡ್ಡು? ಗ್ರಾಮದ ಸ್ವಂತ ತೆರಿಗೆಯಿಂದ ಇದೆಲ್ಲ ನಡೆಯುವುದು ಕನಸಿನ ಮಾತು. ಜಪಾನಿನಲ್ಲಿ ಕೇಂದ್ರ ತನ್ನ ತೆರಿಗೆಯ ಒಂದು ಪಾಲನ್ನು ಪ್ರತಿ ಊರಿನ ಅಗತ್ಯ ಮತ್ತು ಆದಾಯದ ನಡುವಿನ ಅಂತರ ನೋಡಿ ಹಂಚುತ್ತದೆ. ಅದರ ಜೊತೆಗೆ 1953ರ ದೂರದ್ವೀಪ ಅಭಿವೃದ್ಧಿ ಕಾನೂನಿನಡಿ ಬಂದರು, ರಸ್ತೆ, ನೀರಿಗೆ ಹೆಚ್ಚಿನ ಅನುದಾನವಿದೆ. ಮೇಲೆ ಟೋಕಿಯೊದ ನೆರವು. ಹಾಗಾಗಿ ದ್ವೀಪದಲ್ಲಿ ದುಡಿಯುವವರಲ್ಲಿ ಬಹಳಷ್ಟು ಮಂದಿ ಒಂದಲ್ಲ ಒಂದು ರೀತಿಯಲ್ಲಿ ಸರ್ಕಾರದ ಸಂಬಳದವರು, ಇಲ್ಲವೇ ಸರ್ಕಾರದ ಕಾಮಗಾರಿಯವರು. ಇದನ್ನು ದಂಡದ ಖರ್ಚು ಎನ್ನುವವರು ಜಪಾನಿನಲ್ಲೂ ಇದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಏಕೆ ಎಂಬುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

1780ರಿಂದಲೇ ದ್ವೀಪ ನಡುಗತೊಡಗಿತ್ತು. 1781ರಲ್ಲಿ, 1783ರಲ್ಲಿ ಸ್ಫೋಟಗಳಾದವು. ಕುಳಿಯೊಳಗಿದ್ದ ಕೆರೆಗಳು, ಅವುಗಳ ಸುತ್ತಲಿನ ಹೊಲಮನೆಗಳು ನಾಶವಾದವು. 1785ರ ವಸಂತದಲ್ಲಿ ಬೆಟ್ಟ ಪೂರ್ತಿ ಬಾಯಿಬಿಟ್ಟಿತು. ಆಗ ಅಲ್ಲಿದ್ದವರು 327 ಮಂದಿ. ಉತ್ತರಕ್ಕೆ ಸುಮಾರು 70 ಕಿಲೋಮೀಟರ್ ದೂರದ ಹಚಿಜೋ ದ್ವೀಪದಿಂದ ಬಂದ ದೋಣಿಗಳಲ್ಲಿ ಸುಮಾರು 200 ಜನ ಪಾರಾದರು. ದೋಣಿಯಲ್ಲಿ ಜಾಗ ಸಿಗದೆ ಉಳಿದ 130ಕ್ಕೂ ಹೆಚ್ಚು ಮಂದಿ ಸತ್ತರು. ದಡ ಬಿಟ್ಟವರಿಗೆ ದಡದಲ್ಲಿ ನಿಂತವರ ಮುಖಗಳೆಲ್ಲ ಗೊತ್ತಿದ್ದವು. ಅಷ್ಟು ಚಿಕ್ಕ ಊರಿನಲ್ಲಿ ಪರಿಚಯವಿಲ್ಲದವರು ಎಂಬುದೇ ಇರುವುದಿಲ್ಲ.

ಹಚಿಜೋದಲ್ಲಿ ಬದುಕು ಸುಲಭವಾಗಿರಲಿಲ್ಲ. ದೇಶಕ್ಕೇ ಬರಗಾಲ ಬಡಿದಿದ್ದ ಕಾಲ ಅದು. ಇದ್ದವರಿಗೇ ಅನ್ನಕ್ಕೆ ತತ್ವಾರವಾಗಿದ್ದಾಗ ಬಂದವರನ್ನು ಯಾರು ಸಾಕುತ್ತಾರೆ? ಕೆಲವೇ ವರ್ಷಗಳಲ್ಲಿ ಮರಳುವ ಪ್ರಯತ್ನಗಳು ಶುರುವಾದವು. ಬೂದಿ ಅಗೆದು ಬಿತ್ತಿದ ಬೆಳೆಯನ್ನು ಇಲಿಗಳು ತಿಂದವು, ದೋಣಿಗಳು ಬಿರುಗಾಳಿಗೆ ಸಿಕ್ಕಿ ದಿಕ್ಕು ತಪ್ಪಿದವು, ಮತ್ತಷ್ಟು ಜನ ಸತ್ತರು. 1817ರಲ್ಲಿ ಸಸಾಕಿ ಜಿರೊದಾಯು ಎಂಬಾತ ನನುಶಿಯಾದ. ನನುಶಿ ಎಂದರೆ ಹೆಚ್ಚುಕಡಿಮೆ ನಮ್ಮ ಹಳೆಯ ಪಟೇಲ. ಅವನ ಹೆಚ್ಚುಗಾರಿಕೆ ಸಾಹಸಕ್ಕಿಂತ ಕಾಗದದ ಕೆಲಸದಲ್ಲಿತ್ತು ಎಂದು ನನಗೆ ಅನಿಸುತ್ತದೆ. ಸಿಕ್ಕ ದೋಣಿ ಹತ್ತಿ ಹೊರಡುವ ಬದಲು ಯೋಜನೆಯೊಂದನ್ನು ಬರೆದು ಅದರಂತೆ ಜನರನ್ನು ಸಾಗಿಸಿದ. 1824ರ ಹೊತ್ತಿಗೆ ಊರಿನವರು ಊರು ಸೇರಿದರು, ಬಿಟ್ಟು ಬಂದ 39 ವರ್ಷಗಳ ಮೇಲೆ.

ಆದರೆ ದ್ವೀಪದವರು ಮರಳುವಿಕೆ ಪೂರ್ತಿಯಾಯಿತು ಎಂದು ಲೆಕ್ಕ ಹಿಡಿಯುವುದು 1835ಕ್ಕೆ. ಆ ವರ್ಷ ಸರ್ಕಾರ ಭೂಮಿಯನ್ನು ಮತ್ತೆ ಅಳೆದು ಕಂದಾಯ ನಿಗದಿ ಮಾಡಿತು. ಈ ಮಾತನ್ನು ನಿಮ್ಮ ತಂದೆಯವರಿಗೆ ಓದಿ ಹೇಳಿ, ಅವರಿಗೆ ಹಿಡಿಸುತ್ತದೆ. ಜನ ಬಂದು ಹನ್ನೊಂದು ವರ್ಷವಾಗಿದ್ದರೂ ಅಳತೆಯ ಹಗ್ಗ ಬಂದು, ದಫ್ತರದಲ್ಲಿ ಹೆಸರು ಬಿದ್ದ ಮೇಲೇ ಅದು ಮತ್ತೆ ಗ್ರಾಮವಾದದ್ದು. ಈ ಮರಳುವಿಕೆಗೆ 'ಕಂಜು' ಎನ್ನುತ್ತಾರೆ. ಬಹಳ ವರ್ಷ ದ್ವೀಪಕ್ಕೆ ಓಡಾಡಿದ ಹಡಗಿನ ಹೆಸರೂ ಅದೇ ಇತ್ತು, ಕಂಜು ಮರು.

ಅಲ್ಲಿಂದ ಮುಂದಿನ ಕಥೆ ದಫ್ತರಕ್ಕೆ ಸೇರುವ ಕಥೆಯೇ. 1878ರಲ್ಲಿ ಆವೊಗಾಶಿಮಾ, ಹಚಿಜೋ ಸೇರಿದಂತೆ ಇಜು ದ್ವೀಪಗಳನ್ನು ಶಿಜುವೊಕಾ ಪ್ರಾಂತದಿಂದ ಟೋಕಿಯೊಗೆ ಸೇರಿಸಿದರು. 1908ರಲ್ಲಿ ಹಚಿಜೋದಂಥ ದೊಡ್ಡ ದ್ವೀಪಗಳಿಗೆ ಆಧುನಿಕ ಗ್ರಾಮಾಡಳಿತ ಬಂತು, ಆವೊಗಾಶಿಮಾಗೆ ಬರಲಿಲ್ಲ. ಅಲ್ಲಿ 1940ರವರೆಗೂ ನನುಶಿಯದೇ ಆಡಳಿತ. ರಾಷ್ಟ್ರಮಟ್ಟದ ಚುನಾವಣೆಯಲ್ಲಿ ಅಲ್ಲಿನವರು ಮೊದಲ ಬಾರಿ ಮತ ಹಾಕಿದ್ದು 1956ರಲ್ಲಿ, ಮೇಲ್ಮನೆಗೆ. ಅದಕ್ಕೂ ಮೊದಲು ಮತಪೆಟ್ಟಿಗೆ ತರುವುದಕ್ಕೂ ಫಲಿತಾಂಶ ತಿಳಿಸುವುದಕ್ಕೂ ನೆಚ್ಚಬಹುದಾದ ಸಂಪರ್ಕವಿಲ್ಲ ಎಂದು ಚುನಾವಣೆಯ ನಿಯಮದಲ್ಲೇ ಆ ಗ್ರಾಮವನ್ನು ಹೊರಗಿಟ್ಟಿದ್ದರು. ಹೊಸ ಸಂವಿಧಾನ ಬಂದು ಒಂಬತ್ತು ವರ್ಷವಾಗಿತ್ತು. ನಮ್ಮಲ್ಲಿ ಮೊದಲ ಮಹಾಚುನಾವಣೆಯೇ ಆಗ ಮುಗಿದುಹೋಗಿತ್ತು ಎಂಬುದನ್ನು ನೆನೆದರೆ ಟೋಕಿಯೊದ ಭಾಗವೊಂದರ ಈ ಸ್ಥಿತಿ ವಿಚಿತ್ರವಾಗಿ ಕಾಣುತ್ತದೆ.

ಈಗ ನಿಮ್ಮ ಎರಡು ಭಯಗಳಿಗೆ ಬರುತ್ತೇನೆ. ಬೆಟ್ಟ ಜೀವಂತವಾಗಿದೆ, ನಿಜ. ಆದರೆ 1785ರ ನಂತರ ಸ್ಫೋಟವಾಗಿಲ್ಲ. ಹವಾಮಾನ ಇಲಾಖೆ ಹಗಲಿರುಳು ಕಣ್ಣಿಟ್ಟಿರುವ ಜ್ವಾಲಾಮುಖಿಗಳಲ್ಲಿ ಅದೂ ಒಂದು. ಇಂದು ನಾಳೆ ಸಿಡಿಯುತ್ತದೆ ಎನ್ನಲು ಆಧಾರವಿಲ್ಲ, ಎಂದೂ ಸಿಡಿಯುವುದಿಲ್ಲ ಎನ್ನಲೂ ಇಲ್ಲ. ಅಕ್ಕಪಕ್ಕದ ಅನುಭವ ಹೇಳುವುದಾದರೆ, 1902ರಲ್ಲಿ ಇನ್ನೂ ದಕ್ಷಿಣದ ತೊರಿಶಿಮಾದಲ್ಲಿ ಬೆಟ್ಟ ಸಿಡಿದು ಅಲ್ಲಿದ್ದ 125 ಮಂದಿಯೂ ಸತ್ತರು, ಎಚ್ಚರಿಸುವವರು ಯಾರೂ ಇರಲಿಲ್ಲ. 1986ರಲ್ಲಿ ಇಜು ಒಶಿಮಾದ ಸುಮಾರು ಹತ್ತು ಸಾವಿರ ಜನರನ್ನು ಹಡಗುಗಳಲ್ಲಿ ಹೊರಸಾಗಿಸಿದರು, ಒಂದು ತಿಂಗಳಲ್ಲಿ ಮರಳಿದರು. 2000ದಲ್ಲಿ ಮಿಯಾಕೆ ದ್ವೀಪ ಬಿಟ್ಟವರು ವಿಷಾನಿಲದಿಂದಾಗಿ 2005ರವರೆಗೆ ಕಾಯಬೇಕಾಯಿತು. ಅಂದರೆ ಇಂದಿನ ಅಪಾಯ ಜೀವಕ್ಕಿಂತ ಹೆಚ್ಚಾಗಿ ಜೀವನಕ್ಕೆ: ಒಂದು ಬೆಳಗ್ಗೆ ಚೀಲ ಹಿಡಿದು ಹೊರಟವರು ವರ್ಷಗಟ್ಟಲೆ ಬಾಡಿಗೆ ಮನೆಯಲ್ಲಿರಬೇಕಾಗಬಹುದು.

ಊರು ಮುಚ್ಚುತ್ತಾರೆ ಎಂಬುದಕ್ಕೆ ಬೇರೆ ದ್ವೀಪವೊಂದರ ಕಥೆ ಕೇಳಿ. ಹಚಿಜೋ ಪಕ್ಕದಲ್ಲೇ ಹಚಿಜೋ ಕೊಜಿಮಾ ಎಂಬ ಪುಟ್ಟ ದ್ವೀಪವಿದೆ. ಅಲ್ಲಿನ ಉತ್ಸುಕಿ ಗ್ರಾಮದಲ್ಲಿ ನೂರು ಜನರೂ ಇರಲಿಲ್ಲ. ಸಭೆಗೆ ಸದಸ್ಯರನ್ನು ಆರಿಸಿದರೆ ಆರಿಸುವವರಿಗೂ ಆರಿಸಿ ಬಂದವರಿಗೂ ವ್ಯತ್ಯಾಸವೇ ಉಳಿಯುತ್ತಿರಲಿಲ್ಲ. ಜಪಾನಿನ ಸ್ಥಳೀಯ ಆಡಳಿತ ಕಾನೂನಿನ 94ನೇ ಕಲಮಿನ ಪ್ರಕಾರ ಪಟ್ಟಣ ಅಥವಾ ಗ್ರಾಮ ಬೇಕೆಂದರೆ ಚುನಾಯಿತ ಸಭೆಯ ಬದಲು ಎಲ್ಲ ಮತದಾರರ ಮಹಾಸಭೆಯಿಂದಲೇ ಆಡಳಿತ ನಡೆಸಬಹುದು. ಉತ್ಸುಕಿ 1951ರಿಂದ ಹಾಗೆಯೇ ನಡೆಸಿತು. ನಮ್ಮ ಗ್ರಾಮಸಭೆ ಸಲಹೆ ಕೊಟ್ಟು ಏಳುತ್ತದೆ, ಅಲ್ಲಿನ ಸಭೆ ಬಜೆಟ್ಟನ್ನೇ ಪಾಸು ಮಾಡುತ್ತಿತ್ತು. ಈ ಕಾನೂನಿನಡಿ ಇಡೀ ದೇಶದಲ್ಲಿ ಹಾಗೆ ಮಾಡಿದ್ದು ಅದೊಂದೇ ಊರು. 2017ರಲ್ಲಿ ಕೊಚಿ ಪ್ರಾಂತದ ಒಕಾವಾ ಗ್ರಾಮ ಅದೇ ದಾರಿಯನ್ನು ಪರಿಶೀಲಿಸಿ ಕೈಬಿಟ್ಟಿತು. 1955ರಲ್ಲಿ ಉತ್ಸುಕಿ ಹಚಿಜೋ ಪಟ್ಟಣದೊಂದಿಗೆ ವಿಲೀನವಾಯಿತು. ಹದಿನಾಲ್ಕು ವರ್ಷಗಳ ನಂತರ, 1969ರಲ್ಲಿ, ದ್ವೀಪದಲ್ಲಿ ಉಳಿದಿದ್ದ ತೊಂಬತ್ತರಷ್ಟು ಜನರೂ ಎದ್ದು ಹೊರಟರು. ಬೆಟ್ಟವೇನೂ ಸಿಡಿದಿರಲಿಲ್ಲ. ವೈದ್ಯರಿಲ್ಲ, ಸರಿಯಾದ ವಿದ್ಯುತ್ ಇಲ್ಲ, ಮಕ್ಕಳಿಗೆ ಮುಂದಿನ ದಾರಿಯಿಲ್ಲ. ಹೋಗುತ್ತೇವೆ, ನೆರವು ಕೊಡಿ ಎಂದು ಅವರೇ ಅರ್ಜಿ ಹಾಕಿಕೊಂಡಿದ್ದರು.

ವಿಲೀನದಿಂದಲೇ ಊರು ಸತ್ತಿತು ಎಂದು ನಾನು ಹೇಳುತ್ತಿಲ್ಲ. ಸೌಕರ್ಯಗಳು ಮೊದಲೇ ಇರಲಿಲ್ಲ. ಆದರೆ ಸ್ವಂತ ಕಚೇರಿ, ಸ್ವಂತ ಶಾಲೆ, ಸ್ವಂತ ಚಿಕಿತ್ಸಾಲಯ ಹೋದ ದಿನ ದೂರದ ಊರಿನ ಪರವಾಗಿ ಮಾತನಾಡುವ ಹುದ್ದೆಗಳೇ ಹೋಗುತ್ತವೆ. ಆವೊಗಾಶಿಮಾ ಇದುವರೆಗೆ ಉಳಿದದ್ದಕ್ಕೆ ಅದು ಗ್ರಾಮವಾಗಿಯೇ ಉಳಿದದ್ದು ದೊಡ್ಡ ಕಾರಣ ಎಂಬುದು ನನ್ನ ಅಭಿಪ್ರಾಯ. 1999ರಿಂದ ಹತ್ತು ಹನ್ನೊಂದು ವರ್ಷ ಜಪಾನಿನಲ್ಲಿ ವಿಲೀನದ ಅಲೆಯೇ ಎದ್ದು, ಮೂರು ಸಾವಿರ ದಾಟಿದ್ದ ಸ್ಥಳೀಯ ಸಂಸ್ಥೆಗಳು ಸಾವಿರದ ಏಳುನೂರರ ಆಸುಪಾಸಿಗೆ ಇಳಿದವು. ಆಗಲೂ ಟೋಕಿಯೊದ ಒಂಬತ್ತು ದ್ವೀಪ ಸಂಸ್ಥೆಗಳಲ್ಲಿ ಒಂದೂ ಅಳಿಯಲಿಲ್ಲ. ವಿಲೀನವಾಗಬೇಕಾದರೆ ಸಂಬಂಧಪಟ್ಟ ಊರುಗಳ ಸಭೆಗಳು ಒಪ್ಪಿ ಅರ್ಜಿ ಹಾಕಬೇಕು, ಮೇಲಿನವರು ಒಂದು ಆದೇಶದಲ್ಲಿ ಅಳಿಸಿಹಾಕುವಂತಿಲ್ಲ. ನಡುವೆ 70 ಕಿಲೋಮೀಟರ್ ಸಮುದ್ರವಿರುವಾಗ ಸೇರಿಸಿ ಉಳಿತಾಯವಾಗುವುದಾದರೂ ಏನು? ನಿಮ್ಮ ಗೆಳೆಯರ ಈ ಭವಿಷ್ಯವಾಣಿಗೆ ಸದ್ಯಕ್ಕೆ ಬುಡವಿಲ್ಲ. ಮೇಜಿ ಚಕ್ರವರ್ತಿಯ ಕಾಲದಲ್ಲಿ (1868–1912) ಏಳುನೂರು ದಾಟಿದ್ದ ಜನಸಂಖ್ಯೆ 170ಕ್ಕೆ ಇಳಿದಿರುವುದು ಮಾತ್ರ ನಿಜವಾದ ಚಿಂತೆ.

ಹಾಗಾದರೆ ಬನ್ನಿ, ಮನೆ ತಗೊಳ್ಳಿ, ಹಣ ತಗೊಳ್ಳಿ ಎಂದು ಕರೆಯುತ್ತಾರೆಯೇ? ಇಲ್ಲಿ ವಿಡಿಯೊ ಎರಡು ಬೇರೆ ವಿಷಯಗಳನ್ನು ಕಲಸಿದೆ. 2019ರಿಂದ ಕೇಂದ್ರದ ಯೋಜನೆಯೊಂದಿದೆ: ಟೋಕಿಯೊದ 23 ವಾರ್ಡುಗಳಿಂದ ದೂರದ ಊರುಗಳಿಗೆ ಹೋಗುವ ಕುಟುಂಬಕ್ಕೆ 10 ಲಕ್ಷ ಯೆನ್‌ವರೆಗೆ ನೆರವು, ಮಕ್ಕಳಿದ್ದರೆ ಹೆಚ್ಚುವರಿ. ಆದರೆ ಅದು ಆಯಾ ಊರು ಯೋಜನೆಗೆ ಸೇರಿದ್ದರೆ ಮಾತ್ರ. ವಿದೇಶಿಯರಾದರೆ ಕಾಯಂ ನಿವಾಸಿಗಳು, ಕಾಯಂ ನಿವಾಸಿಯ ಅಥವಾ ಜಪಾನೀಯರ ಸಂಗಾತಿಗಳು, ದೀರ್ಘಾವಧಿ ನಿವಾಸಿಗಳು ಇವರಿಗಷ್ಟೇ. ನೀವಿನ್ನೂ ಎಂಜಿನಿಯರ್ ವೀಸಾದಲ್ಲಿದ್ದರೆ ಆ ಹಣವನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಮನೆಯದು ಇನ್ನೂ ಕಷ್ಟ. ಅಲ್ಲಿ ಬಾಡಿಗೆಗೆ ಮನೆ ತೋರಿಸುವ ದಲ್ಲಾಳಿ ಅಂಗಡಿಗಳಿಲ್ಲ. ಇರುವುದು ಗ್ರಾಮದ ಕೆಲವೇ ವಸತಿಗಳು, ಶಿಕ್ಷಕರ, ನೌಕರರ ವಸತಿಗಳು. ಖಾಲಿ ಕಾಣುವ ಮನೆಗೆ ಹಚಿಜೋದಲ್ಲೋ ಟೋಕಿಯೊದಲ್ಲೋ ಯಜಮಾನರಿರುತ್ತಾರೆ. ಆದ್ದರಿಂದ ಅಲ್ಲಿಗೆ ಹೋಗಿ ನೆಲೆಸುವವರಲ್ಲಿ ಹೆಚ್ಚಿನವರು ಮೊದಲು ಕೆಲಸ ಹಿಡಿಯುತ್ತಾರೆ, ಕೆಲಸದೊಂದಿಗೆ ಮನೆ ಬರುತ್ತದೆ. ಕೆಲಸ ಮೊದಲೇ ಇದ್ದು ಮನೆ ಹುಡುಕುವ ನಿಮ್ಮಂಥವರಿಗೆ ಈ ವ್ಯವಸ್ಥೆಯಲ್ಲಿ ಜಾಗ ಕಡಿಮೆ. ಅಂತರ್ಜಾಲದ ವೇಗ ಅಡ್ಡಿಯಾಗಲಾರದು, 2020ರ ಹೊತ್ತಿಗೆ ಸಮುದ್ರದಡಿಯ ಆಪ್ಟಿಕಲ್ ಕೇಬಲ್ ತಲುಪಿದೆ. ಅದು ಕಡಿದರೆ ಸರಿಪಡಿಸುವ ಹಡಗು ಅಲೆ ಇಳಿಯುವವರೆಗೆ ಕಾಯುತ್ತದೆ ಎಂಬುದನ್ನು ನಿಮ್ಮ ಕಂಪನಿಗೆ ಮೊದಲೇ ಹೇಳಿಡಿ.

ಓಡಾಟದ ಮಾತು ಬಂದರೆ ನನಗೆ ನನ್ನದೇ ಪೆಚ್ಚುಮುಖ ನೆನಪಾಗುತ್ತದೆ. ಮೊದಲ ಸಲ ಹೊರಟಾಗ ಹಚಿಜೋದಲ್ಲಿ ನಾಲ್ಕು ದಿನ ಹಡಗಿಗೆ ಕಾದು, ದ್ವೀಪದ ತುದಿಯನ್ನೂ ಕಾಣದೆ ಮರಳಿದೆ. ಬಂದರು ಸಾನ್ಬೊ ಎಂಬಲ್ಲಿದೆ. ತೆರೆದ ಸಮುದ್ರಕ್ಕೆ ಮುಖಮಾಡಿದ ಕಾಂಕ್ರೀಟ್ ಕಟ್ಟೆ ಅದು. ಅಲೆ ಎದ್ದರೆ ಹಡಗು ತಾಗುವುದಿಲ್ಲ, ಚಳಿಗಾಲದಲ್ಲಂತೂ ಇದು ದಿನನಿತ್ಯದ ಮಾತು. ಹೆಲಿಕಾಪ್ಟರ್ ಹಚಿಜೋದಿಂದ ದಿನಕ್ಕೊಮ್ಮೆ, ಒಂಬತ್ತು ಆಸನ, ಇಪ್ಪತ್ತು ನಿಮಿಷ. ಮಂಜು ಕವಿದರೆ ಅದೂ ಇಲ್ಲ.

ಮಗಳ ಬಗ್ಗೆ. ಶಿಶುವಿಹಾರವಿದೆ, ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆ ಒಂದೇ ಕಟ್ಟಡದಲ್ಲಿದೆ. ತರಗತಿಗೆ ಒಬ್ಬರೋ ಇಬ್ಬರೋ, ಶಿಕ್ಷಕರ ಗಮನಕ್ಕೆ ಕೊರತೆಯೇ ಇಲ್ಲ. ಓರಗೆಯ ಗೆಳತಿಯರು ಸಿಗುತ್ತಾರೆಯೇ ಎಂಬುದು ಆ ವರ್ಷದ ಅದೃಷ್ಟ. ಮಾರ್ಚ್ ಕೊನೆಯಲ್ಲಿ ವರ್ಗಾವಣೆಗಳಾದಾಗ ಶಿಕ್ಷಕರ ಜೊತೆ ಅವರ ಮಕ್ಕಳೂ ಹೊರಡುತ್ತಾರೆ. ಪ್ರೌಢಶಾಲೆ ಇಲ್ಲ, ಹದಿನೈದಕ್ಕೆ ಅವಳು ಮನೆ ಬಿಡಲೇಬೇಕು. ಆರೋಗ್ಯಕ್ಕೆ ಒಬ್ಬ ವೈದ್ಯರಿದ್ದಾರೆ. ಕೈಮೀರಿದರೆ ಹೆಲಿಕಾಪ್ಟರಿನಲ್ಲಿ ಟೋಕಿಯೊದ ಹಿರೊ ಆಸ್ಪತ್ರೆಯಂಥ ಕಡೆಗೆ ಸಾಗಿಸುತ್ತಾರೆ, ಆಕಾಶ ಒಪ್ಪಿದರೆ. ಎರಡನೆಯ ಮಗುವಿನ ಯೋಚನೆ ಇದ್ದರೆ ಹೆರಿಗೆಗೆ ವಾರಗಟ್ಟಲೆ ಮೊದಲೇ ದ್ವೀಪ ಬಿಡಬೇಕು. ನಿಮ್ಮ ಹೆಂಡತಿಯ ಅಭಿಪ್ರಾಯ ಪತ್ರದಲ್ಲಿ ಎಲ್ಲೂ ಬರಲಿಲ್ಲ ಎಂಬುದನ್ನು ಗಮನಿಸಿದೆ. ಈ ಪ್ಯಾರಾವನ್ನು ಇಬ್ಬರೂ ಕೂತು ಓದಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ನೇರವಾಗಿ ಆವೊಗಾಶಿಮಾಗೆ ಹೋಗುತ್ತಿರಲಿಲ್ಲ, ಹಚಿಜೋದಲ್ಲಿ ಒಂದು ವರ್ಷ ಇರುತ್ತಿದ್ದೆ. ಅಲ್ಲಿ ಏಳು ಸಾವಿರ ಜನ, ಪ್ರೌಢಶಾಲೆ, ಆಸ್ಪತ್ರೆ, ಟೋಕಿಯೊದ ಹನೆದಾ ನಿಲ್ದಾಣಕ್ಕೆ ಒಂದು ಗಂಟೆಯೊಳಗಿನ ವಿಮಾನ ಇವೆ. ದ್ವೀಪದ ಗಾಳಿ ನಿಮಗೆ ಒಗ್ಗುತ್ತದೆಯೇ ಎಂಬುದು ಅಲ್ಲೇ ಗೊತ್ತಾಗುತ್ತದೆ. ಇದರಲ್ಲೂ ನಷ್ಟವಿದೆ: ಎರಡು ಸಲ ಮನೆ ಕಟ್ಟಿ ಬಿಚ್ಚಬೇಕು, ಮಗಳು ಎರಡು ಸಲ ಹೊಸಬಳಾಗಬೇಕು. ಅಷ್ಟು ತಾಳ್ಮೆ ಇಲ್ಲವೆಂದರೆ ಕೊನೇಪಕ್ಷ ಫೆಬ್ರವರಿಯಲ್ಲಿ ಒಮ್ಮೆ ಹೋಗಿ ಬನ್ನಿ. ವಿಡಿಯೊ ತೆಗೆದವರು ಮೇ ತಿಂಗಳಲ್ಲಿ ಹೋಗಿರುತ್ತಾರೆ. ವಾಪಸು ಟಿಕೆಟಿನ ದಿನಾಂಕವನ್ನು ಪವಿತ್ರ ಎಂದುಕೊಳ್ಳಬೇಡಿ, ರಜೆ ಒಂದು ವಾರ ಹೆಚ್ಚೇ ಇರಲಿ. ಉಳಿದುಕೊಳ್ಳುವ ಮನೆಯನ್ನು ಕಾದಿರಿಸದೆ ಹೋದರೆ ಮಲಗಲು ಜಾಗ ಸಿಗದು. ಅಕ್ಕಿ ಬೇಳೆ ಹಡಗಿನಲ್ಲೇ ಬರಬೇಕು, ಅಂಗಡಿ ಒಂದೇ. ಸೊಪ್ಪಿಗೆ ಮಾತ್ರ ಬರವಿಲ್ಲ, ಅಶಿತಾಬಾ ಎಂಬ ಸೊಪ್ಪು ಎಲ್ಲೆಂದರಲ್ಲಿ ಬೆಳೆಯುತ್ತದೆ, ಸ್ವಲ್ಪ ಕಹಿ, ಪಲ್ಯಕ್ಕೆ ಚೆನ್ನ.

ಹೋಗುವ ಮೊದಲು ಗ್ರಾಮ ಕಚೇರಿಗೆ ಜಪಾನಿ ಭಾಷೆಯಲ್ಲಿ ಒಂದು ಪತ್ರ ಬರೆಯಿರಿ. ಯಾರು ನೀವು, ಏನು ಕೆಲಸ, ಎಷ್ಟು ವರ್ಷ ಇರುವ ಯೋಚನೆ, ಮಗಳ ವಯಸ್ಸೆಷ್ಟು ಎಂಬುದನ್ನು ನೇರವಾಗಿ ತಿಳಿಸಿ. ಅಲ್ಲಿ ಬಂದವರು ಊರಿನ ಕೆಲಸಕ್ಕೆ ಕೈಜೋಡಿಸುತ್ತಾರೆ ಎಂಬ ನಿರೀಕ್ಷೆ ಸಹಜ. ವಿದೇಶಿಯರಾಗಿ ನಿಮಗೆ ಗ್ರಾಮದ ಚುನಾವಣೆಯಲ್ಲಿ ಮತವಿರುವುದಿಲ್ಲ, ಹುಲ್ಲು ಕೊಚ್ಚುವ ದಿನ ಕತ್ತಿ ಖಂಡಿತ ಸಿಗುತ್ತದೆ. ವಿಳಾಸ: ಅಂಚೆ ಸಂಖ್ಯೆ 100-1701, ಟೋಕಿಯೊ, ಆವೊಗಾಶಿಮಾ ಗ್ರಾಮ, ನಂಬರಿಲ್ಲ. ಉತ್ತರ ತಡವಾದರೆ ಮನಸ್ಸು ಬದಲಿಸಿದ್ದಾರೆ ಎಂದುಕೊಳ್ಳಬೇಡಿ, ಹಡಗು ಬಂದಿರಲಿಕ್ಕಿಲ್ಲ.